ಡೇ ಕೇರ್ ನೋಡಲು ಹೋದಾಗ ಸಂಪಿನ ಮುಚ್ಚಳ ಎತ್ತಿ ನೋಡಿ

ನಾನು ಮಕ್ಕಳ ವಾರ್ಡಿನಲ್ಲಿ ಶುಶ್ರೂಷಾಧಿಕಾರಿ. ಯಜಮಾನರಿಗೆ ಮೂಡಿಗೆರೆಯಲ್ಲಿ ಕೆಲಸ, ಬೆಳಗಿನ ಬಸ್ಸಿಗೆ ಹೊರಟರೆ ಕತ್ತಲಾದ ಮೇಲೆಯೇ ಮನೆ. ಅತ್ತೆಯವರು ತರೀಕೆರೆಯ ಅಡಿಕೆ ತೋಟ ಬಿಟ್ಟು ಬರುವಂತಿಲ್ಲ. ಹಾಗಾಗಿ ಒಂದೂವರೆ ವರ್ಷ ತುಂಬಿದಾಗಿನಿಂದ ನಮ್ಮ ಮಗಳ ಹಗಲು ಕಳೆದದ್ದು ಚಿಕ್ಕಮಗಳೂರಿನ ಒಂದು ಡೇ ಕೇರ್‌ನಲ್ಲಿ. ಈಗ ವಾರ್ಡಿಗೆ ಬರುವ ತಾಯಂದಿರು, ಜೊತೆಯ ಸಿಸ್ಟರ್‌ಗಳು, ಪಕ್ಕದ ಬೀದಿಯವರು ಎಲ್ಲರೂ ಕೇಳುವುದು ಒಂದೇ: "ಯಾವುದು ಒಳ್ಳೆಯದು, ಹೇಳಿ ಸಿಸ್ಟರ್." ಹೆಸರು ಹೇಳಿ ಕಳಿಸಿಬಿಡುವುದು ನನ್ನಿಂದ ಆಗುವುದಿಲ್ಲ. ಚೆನ್ನಾಗಿ ನಡೆಯುತ್ತಿದ್ದ ಜಾಗವೂ ಹಳೆಯ ಆಯಮ್ಮ ಕೆಲಸ ಬಿಟ್ಟ ತಿಂಗಳಲ್ಲೇ ಹದಗೆಡಬಹುದು. ಆದ್ದರಿಂದ ಹೋಗಿ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದನ್ನೇ ಬರೆಯುತ್ತೇನೆ.

ಮೊದಲು ಕಾಗದ ಪತ್ರ. ಎಲ್‌ಕೆಜಿ, ಯುಕೆಜಿ ನಡೆಸುವ ಸಂಸ್ಥೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ ಪ್ರಕಾರ ಶಾಲಾ ಶಿಕ್ಷಣ ಇಲಾಖೆಯಲ್ಲಿ ನೋಂದಣಿಯಾಗಿರಬೇಕು. ಆಗಿದೆಯೋ ಇಲ್ಲವೋ ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ. ಒಂದನೇ ತರಗತಿಯೂ ಇರುವ ಶಾಲೆಯಾದರೆ ಅದಕ್ಕೆ 11 ಅಂಕಿಯ ಯುಡೈಸ್ ಸಂಖ್ಯೆ, ಅಂದರೆ ಸರ್ಕಾರ ಶಾಲೆಗೆ ಕೊಡುವ ಗುರುತಿನ ಸಂಖ್ಯೆ, ಇರುತ್ತದೆ. ಸಂಖ್ಯೆ ಪಡೆದುಕೊಂಡು ಮೊಬೈಲಿನಲ್ಲೇ ಹುಡುಕಿ ನೋಡಬಹುದು. ದಿನವಿಡೀ ಮಗುವನ್ನು ನೋಡಿಕೊಳ್ಳುವ ಡೇ ಕೇರ್‌ಗಳ ಸಂಗತಿ ಬೇರೆ. ಅವುಗಳಲ್ಲಿ ಹೆಚ್ಚಿನವು ನಗರಸಭೆಯ ಉದ್ದಿಮೆ ಪರವಾನಗಿಯ ಮೇಲೆ ನಡೆಯುತ್ತವೆ. ಆ ಪರವಾನಗಿ ಇರಲೇಬೇಕು, ಆದರೆ ಅದನ್ನು ಕೊಟ್ಟವರು ಮಗುವಿಗೆ ಊಟ ಮಾಡಿಸುವುದನ್ನೋ ಮಲಗಿಸುವುದನ್ನೋ ಬಂದು ನೋಡಿರುವುದಿಲ್ಲ. ಆ ತಪಾಸಣೆ ನಿಮ್ಮ ಪಾಲಿಗೆ ಬಿದ್ದದ್ದು ಎಂದು ತಿಳಿದೇ ಹೋಗಿ.

ಪರವಾನಗಿಯನ್ನು ಕೈಗೆ ತೆಗೆದುಕೊಂಡು ಮೂರು ಸಾಲು ಓದಿ: ಯಾರ ಹೆಸರಿನಲ್ಲಿದೆ, ಯಾವ ವಿಳಾಸಕ್ಕೆ ಕೊಟ್ಟದ್ದು, ಯಾವತ್ತಿನವರೆಗೆ ಊರ್ಜಿತ. ಜಯನಗರದ ವಿಳಾಸಕ್ಕೆ ಪಡೆದ ಪರವಾನಗಿಯನ್ನು ಕಲ್ಯಾಣ ನಗರದ ಹೊಸ ಶಾಖೆಯಲ್ಲಿ ತೂಗುಹಾಕಿದರೆ ಅದು ಆ ಕಟ್ಟಡಕ್ಕೆ ಸಲ್ಲುವುದಿಲ್ಲ. ದೊಡ್ಡ ಊರಿನ ಹೆಸರಾಂತ ಬ್ರ್ಯಾಂಡಿನ ಫ್ರಾಂಚೈಸಿ ಪತ್ರವನ್ನು ಚೌಕಟ್ಟು ಹಾಕಿಸಿ ತೋರಿಸುವವರಿದ್ದಾರೆ. ಅದು ಇಬ್ಬರು ವ್ಯಾಪಾರಸ್ಥರ ನಡುವಿನ ಒಪ್ಪಂದ, ಸರ್ಕಾರದ ಅನುಮತಿಗೂ ಅದಕ್ಕೂ ಸಂಬಂಧವಿಲ್ಲ. ಅಡುಗೆ ಅಲ್ಲೇ ಆಗುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನೋಂದಣಿ ಸಂಖ್ಯೆಯನ್ನೂ ಕೇಳಿ. ಕಾಗದ ಕೇಳಿದ್ದಕ್ಕೆ ಮುಖ ಗಂಟಿಕ್ಕುವವರ ಹತ್ತಿರ ಮಾತು ಮುಂದುವರಿಸಬೇಡಿ.

ಇನ್ನು ಕೈಗಳ ಲೆಕ್ಕ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು, ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು ದೊಡ್ಡವರಿರಬೇಕು ಎನ್ನುತ್ತದೆ. ವಾರ್ಡಿನ ಅನುಭವದಿಂದ ಹೇಳುವುದಾದರೆ, ಅಂಬೆಗಾಲಿಡುವ ಹತ್ತು ಮಕ್ಕಳು ಒಬ್ಬರಿಗೆ ಬಹಳ ಹೆಚ್ಚಾಯಿತು. ಐದಾರಕ್ಕೆ ಒಬ್ಬರಿದ್ದರೆ ನಾನು ನೆಮ್ಮದಿಯಿಂದ ಬಿಡುತ್ತೇನೆ. ಎಣಿಸುವಾಗ ಒಲೆಯ ಮುಂದೆ ಇರುವವರನ್ನು, ಗೇಟಿನ ಬಳಿ ಕೂರುವವರನ್ನು, ಫೋನಿಗೆ ಉತ್ತರಿಸುವ ಮೇಡಂ ಅವರನ್ನು ಸೇರಿಸಬೇಡಿ. ಮಗುವನ್ನು ಮುಟ್ಟಿ ನೋಡಿಕೊಳ್ಳುವವರು ಮಾತ್ರ ಲೆಕ್ಕಕ್ಕೆ.

ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲ ಜಾಗವೂ ಚೆಂದ ಕಾಣುತ್ತದೆ. ನೀವು ಹೋಗಬೇಕಾದದ್ದು ಮಧ್ಯಾಹ್ನ ಒಂದು ಗಂಟೆಗೆ, ಊಟ ಮುಗಿದು ನಿದ್ರೆಗೆ ಮುನ್ನ ಮಕ್ಕಳು ರಚ್ಚೆ ಹಿಡಿಯುವ ಹೊತ್ತಿಗೆ. ನಮ್ಮ ಮಗಳನ್ನು ಬಿಟ್ಟ ಜಾಗವನ್ನು ನಾನು ಒಪ್ಪಿದ್ದು ಅಲ್ಲಿಯ ಆಯಮ್ಮ ಒಂದು ಮಗುವಿನ ಒದ್ದೆ ಬಟ್ಟೆ ಬದಲಿಸಿದ ರೀತಿ ನೋಡಿ. ಮಗುವಿನ ಹೆಸರು ಹಿಡಿದು ಕರೆದು, "ಈಗ ಚಡ್ಡಿ ತೆಗೆಯೋಣವಾ" ಎಂದು ಕೇಳಿ, ಅದು ಅವರ ಮುಖ ನೋಡಿದ ಮೇಲೆ ಕೈ ಹಾಕಿದರು. ಮುಗಿದ ಕೂಡಲೇ ನಲ್ಲಿಯ ಹತ್ತಿರ ಹೋಗಿ ಸೋಪು ಹಚ್ಚಿ ಬೆರಳ ಸಂದಿಯನ್ನೂ ಉಜ್ಜಿ ತೊಳೆದರು, ಆಮೇಲೆ ಮುಂದಿನ ಮಗು. ಯಾರೂ ಅವರಿಗೆ ಹೇಳಿಕೊಡಲಿಲ್ಲ, ನಾನು ನೋಡುತ್ತಿರುವುದೂ ಅವರಿಗೆ ಗೊತ್ತಿರಲಿಲ್ಲ. ಅದೇ ಒಂದು ಮಗುವಿನ ಮೂಗೊರೆಸಿದ ಬಟ್ಟೆಯಿಂದಲೇ ಇನ್ನೊಂದರ ಬಾಯಿ ಒರೆಸುವ ಕಡೆ ಏನಾಗುತ್ತದೆ ಎಂಬುದನ್ನು ಭೇದಿ, ಕೈ-ಕಾಲು-ಬಾಯಿ ರೋಗ ಅಂಟಿಸಿಕೊಂಡು ನಮ್ಮ ವಾರ್ಡಿಗೆ ಬರುವ ಮಕ್ಕಳಲ್ಲಿ ನೋಡುತ್ತೇನೆ.

ಆಯಮ್ಮಂದಿರು ಎಷ್ಟು ವರ್ಷದಿಂದ ಇದ್ದಾರೆ ಎಂದು ಅವರನ್ನೇ ಕೇಳಿ, ಮಾಲೀಕರನ್ನಲ್ಲ. ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದ ಮೂಲಕ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಸಿಗುತ್ತದೆ. ಚಾಲಕನೂ ಸೇರಿದಂತೆ ಎಲ್ಲ ಸಿಬ್ಬಂದಿಯದ್ದೂ ಇದೆಯೇ ನೋಡಿ.

ಕಟ್ಟಡದ ವಿಷಯಕ್ಕೆ ಬಂದರೆ, ಗೋಡೆಯ ಮೇಲಿನ ಚಿತ್ರ ಬಿಟ್ಟು ಕೆಳಗೆ ನೆಲ ನೋಡಿ. ನಮ್ಮೂರಿನ ಡೇ ಕೇರ್‌ಗಳಲ್ಲಿ ಬಹಳಷ್ಟು ಬಾಡಿಗೆ ಮನೆಯಲ್ಲಿರುತ್ತವೆ. ಅಂಗಳದಲ್ಲಿ ನೀರಿನ ಸಂಪ್, ಕೆಲವು ಹಳೆಯ ಮನೆಗಳ ಹಿತ್ತಲಲ್ಲಿ ಬಾವಿ. ಸಂಪಿನ ಮುಚ್ಚಳವನ್ನು ನಿಮ್ಮ ಕೈಯಿಂದ ಎತ್ತಲು ನೋಡಿ. ಬೀಗವಿಲ್ಲದೆ ಸಲೀಸಾಗಿ ಸರಿದರೆ, ಅಥವಾ ಮುರಿದ ಮುಚ್ಚಳದ ಮೇಲೆ ಹಲಗೆ ಇಟ್ಟಿದ್ದರೆ, ಅಲ್ಲಿಂದಲೇ ವಾಪಸ್ ಬನ್ನಿ. ಸ್ನಾನದ ಮನೆಯಲ್ಲಿ ಅರ್ಧ ತುಂಬಿದ ಬಕೆಟ್ ಕೂಡ ನಡೆಯಲು ಕಲಿಯುತ್ತಿರುವ ಮಗುವಿಗೆ ಅಪಾಯ. ಮಕ್ಕಳ ಕೋಣೆ ನೆಲಮಹಡಿಯಲ್ಲಿರಲಿ, ಅಡುಗೆಮನೆಗೆ ಬಾಗಿಲಿರಲಿ, ಆ ಬಾಗಿಲು ಹಾಕಿರಲಿ. ಬಿಸಿ ಸಾರು ಮೈಮೇಲೆ ಚೆಲ್ಲಿದ ಮಗುವನ್ನು ಒಮ್ಮೆ ನೋಡಿದವರಿಗೆ ಆ ಬಾಗಿಲು ಯಾಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮಲೆನಾಡಿನವರು ಜುಲೈಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಪ್ರಶ್ನೆ ಕೇಳಬೇಕು. ಜಿಲ್ಲಾಧಿಕಾರಿಗಳು ಮಳೆ ರಜೆ ಘೋಷಿಸಿದರೆ ಶಾಲೆ, ಅಂಗನವಾಡಿ ಮುಚ್ಚುತ್ತವೆ; ಆಸ್ಪತ್ರೆ, ಬ್ಯಾಂಕು, ಕಚೇರಿ ಮುಚ್ಚುವುದಿಲ್ಲ. ಆ ದಿನ ನೀವು ತೆರೆದಿರುತ್ತೀರಾ ಎಂದು ಸೇರಿಸುವ ಮೊದಲೇ ಕೇಳಿ. ದಸರಾ, ಏಪ್ರಿಲ್-ಮೇ ರಜೆಯ ಬಗ್ಗೆಯೂ ಕೇಳಿ. ಕರೆಂಟ್ ಹೋದಾಗ ಸಿಸಿಟಿವಿ ಓಡಲು ಬ್ಯಾಟರಿ ಇದೆಯೇ? ಒದ್ದೆ ಬಟ್ಟೆ, ಹಾಸಿಗೆ ಒಣಗುವುದು ಎಲ್ಲಿ? ಚಳಿಗೆಂದೋ ಬಟ್ಟೆ ಒಣಗಲೆಂದೋ ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವ ರೂಢಿ ಇದ್ದರೆ ಕಡ್ಡಾಯವಾಗಿ ಬೇಡವೆನ್ನಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ರಿಸುವ ಮಗು ಎಚ್ಚರಗೊಳ್ಳುವುದೂ ಇಲ್ಲ.

ಊಟದ ಪಟ್ಟಿಯಲ್ಲಿ ರಾಗಿ, ಬೇಳೆ, ತರಕಾರಿ ಇದ್ದರೆ ಸಾಕು, ದೊಡ್ಡ ದೊಡ್ಡ ಹೆಸರಿನ ತಿಂಡಿಗಳೇನೂ ಬೇಡ. ಆದರೆ ಕಡಲೆಬೀಜದ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳಿ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ಕೊಡಬಾರದು. ನಗುವಾಗಲೋ ಅಳುವಾಗಲೋ ಬೀಜ ಶ್ವಾಸನಾಳಕ್ಕೆ ಇಳಿದರೆ ಮಗುವಿನ ಪ್ರಾಣಕ್ಕೇ ಕುತ್ತು. ಗಂಟಲಿಗೆ ಏನಾದರೂ ಸಿಕ್ಕಿಕೊಂಡರೆ ಏನು ಮಾಡುತ್ತೀರಿ ಎಂದು ಆಯಮ್ಮನನ್ನು ಕೇಳಿ, ಕೈಯಲ್ಲಿ ಮಾಡಿ ತೋರಿಸಲು ಹೇಳಿ. ಬಾಯಲ್ಲಿ ಹೇಳಿದ್ದು ಸಾಲದು.

ಔಷಧದ ವಿಷಯದಲ್ಲಿ ವೈದ್ಯರ ಚೀಟಿಯಿಲ್ಲದೆ ಒಂದು ಹನಿಯನ್ನೂ ಕೊಡುವುದಿಲ್ಲ ಎಂದು ಬರೆಸಿಕೊಳ್ಳಿ. ಮನೆಗೆ ಬಂದ ಮೇಲೂ ಮಗು ದಿನದಿನವೂ ಮಂಪರಿನಲ್ಲಿದ್ದರೆ ಏನು ಕೊಟ್ಟಿರಿ ಎಂದು ನೇರವಾಗಿ ಕೇಳಿ, ವೈದ್ಯರಿಗೂ ತೋರಿಸಿ. ಸೇರಿಸುವಾಗ ತಾಯಿ ಕಾರ್ಡಿನ ಲಸಿಕೆ ಪುಟದ ಪ್ರತಿ ಕೇಳುವ ಡೇ ಕೇರ್ ಮೇಲೆ ನನಗೆ ಗೌರವ ಹೆಚ್ಚು. ಜ್ವರ ಬಂದ ಮಗುವನ್ನು ವಾಪಸ್ ಕಳಿಸುವವರ ಮೇಲೆ ಕೋಪ ಮಾಡಿಕೊಳ್ಳಬೇಡಿ. ಅವರು ನಿಮ್ಮ ಮಗುವನ್ನೂ ಹಾಗೆಯೇ ಕಾಪಾಡುತ್ತಿರುತ್ತಾರೆ.

ಹಣ ಕೊಡುವ ಮೊದಲು ಬೇರೆ ದಾರಿಗಳನ್ನೂ ನೋಡಿ. ಮೂರು ವರ್ಷ ದಾಟಿದ ಮಗುವಿಗೆ ಅಂಗನವಾಡಿ ಇದೆ. ಬಿಸಿಯೂಟ, ಮೊಟ್ಟೆ, ತೂಕ ನೋಡುವುದು ಎಲ್ಲವೂ ಉಚಿತ. ಸಂಜೆ ತಡವಾಗಿ ಕೆಲಸ ಮುಗಿಯುವವರಿಗೆ ಸಮಯ ಹೊಂದುವುದಿಲ್ಲ, ಅಷ್ಟೇ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ಒದಗಿಸಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಲು ಹೋಗಬಹುದು ಎಂದು ಹೇಳಿತು. ಕಾಫಿ ತೋಟಗಳ ಹೆಂಗಸರಿಗಂತೂ ಈ ಹಕ್ಕು ಹೊಸದೇನಲ್ಲ: 50 ಮಹಿಳಾ ಕಾರ್ಮಿಕರಿದ್ದರೆ ತೋಟದಲ್ಲೇ ಶಿಶುವಿಹಾರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ನಿಮ್ಮ ಆಡಳಿತದವರನ್ನು ಲಿಖಿತವಾಗಿ ಕೇಳಿ.

ಓದು ಶುರುವಾಗಲಿ ಎಂಬ ಆತುರಕ್ಕೆ ಎರಡೂವರೆ ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಡುವ ಜಾಗವನ್ನು ಆರಿಸಬೇಡಿ. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬುದು ರಾಜ್ಯದ ನಿಯಮ. ಬೇಗ ಸೇರಿಸಿ ಗಳಿಸುವುದು ಏನೂ ಇಲ್ಲ.

ಸೇರಿಸಿದ ಮೇಲೆ ಮೊದಲ ವಾರ ಅರ್ಧ ದಿನ ಮಾತ್ರ ಬಿಡಿ, ಸಾಧ್ಯವಾದರೆ ರಜೆ ಹಾಕಿ ಹತ್ತಿರದಲ್ಲೇ ಇರಿ. ಹೇಳದೆ ಕೇಳದೆ ಯಾವ ಹೊತ್ತಿಗೆ ಹೋದರೂ ಬಾಗಿಲು ತೆರೆಯಬೇಕು. ಮೈಮೇಲೆ ಗಾಯದ ಗುರುತು ಕಂಡು, ಕೊಟ್ಟ ಉತ್ತರ ದಿನಕ್ಕೊಂದು ಬಗೆಯಾದರೆ, ಫೋಟೊ ತೆಗೆದು ವೈದ್ಯರಿಗೆ ತೋರಿಸಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಗುವನ್ನು ಕರೆದುಕೊಂಡು ಹೋಗಬಹುದಾದವರ ಹೆಸರು, ಫೋಟೊ ಬರೆದುಕೊಟ್ಟಿರಿ. ಆ ಪಟ್ಟಿಯಲ್ಲಿ ಇಲ್ಲದವರು, ಸ್ವಂತ ಚಿಕ್ಕಪ್ಪನೇ ಆಗಲಿ, ಬಂದರೆ ಕಳಿಸಬಾರದು. ನಿಮ್ಮ ಫೋನ್ ಸಿಗದಿದ್ದರೆ ಕರೆಯಬೇಕಾದ ಎರಡನೆಯ ಸಂಖ್ಯೆಯನ್ನೂ ಕೊಡಿ. ಆ ಸಂಖ್ಯೆ ಚಿಕ್ಕಮಗಳೂರಿನೊಳಗೇ ಇರುವವರದ್ದಾಗಿರಲಿ, ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚಿದರೆ ಮೂಡಿಗೆರೆಯಿಂದ ಯಾರೂ ಹೊತ್ತಿಗೆ ಸರಿಯಾಗಿ ಬಂದು ತಲುಪಲಾರರು.