ಸ್ವಿಟ್ಜರ್ಲೆಂಡ್‌ಗೆ ಈಗಷ್ಟೇ ಬಂದಿದ್ದೀರಾ? ಮೊದಲು ನಕ್ಷೆ ನೋಡಿ

ಬಂದವರೆಲ್ಲ ಮೊದಲ ವಾರ ಕೇಳುವುದು ಒಂದೇ: "ಇಲ್ಲಿ ರೂಲ್ಸ್ ಏನು?" ಅದು ನೀವು ಯಾವ ಊರಲ್ಲಿ ಮನೆ ಹಿಡಿದಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಬಾಸೆಲ್‌ನ ಗೆಳೆಯರು ವಾಟ್ಸಾಪ್‌ನಲ್ಲಿ ಹೇಳಿದ್ದು ಜ್ಯೂರಿಕ್‌ನಲ್ಲಿ ನಡೆಯದೇ ಇರಬಹುದು. ಶಾಲೆಯ ರಜೆ, ತೆರಿಗೆ, ಕಸದ ಚೀಲ ಎಲ್ಲವೂ ಬೇರೆ ಬೇರೆ.

ಇದಕ್ಕೆ ಕಾರಣ ಬೆಟ್ಟಗಳು. ದೇಶದ ವಿಸ್ತೀರ್ಣ 41,285 ಚದರ ಕಿ.ಮೀ., ಕರ್ನಾಟಕದ ಕಾಲುಭಾಗಕ್ಕಿಂತ ಕಡಿಮೆ. ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಆಲ್ಪ್ಸ್ ಪರ್ವತ. ಜಿನೀವಾದಿಂದ ಈಶಾನ್ಯಕ್ಕೆ ಹರಡಿರುವ ನಡುವಿನ ತಗ್ಗು ಪಟ್ಟಿಯಲ್ಲೇ ಹೆಚ್ಚಿನ ಜನ ಇರುವುದು. ಹಿಂದೆ ಚಳಿಗಾಲದಲ್ಲಿ ಹಿಮ ಬಿದ್ದರೆ ಘಾಟಿ ದಾರಿಗಳು ಮುಚ್ಚುತ್ತಿದ್ದವು. ಒಂದೊಂದು ಕಣಿವೆಯವರೂ ತಮ್ಮ ವ್ಯವಹಾರ ತಾವೇ ನೋಡಿಕೊಂಡರು. 1291ರಲ್ಲಿ ಊರಿ, ಶ್ವಿಟ್ಸ್, ಉಂಟರ್‌ವಾಲ್ಡನ್ ಎಂಬ ಮೂರು ಸೀಮೆಗಳು ಒಬ್ಬರಿಗೊಬ್ಬರು ನೆರವಾಗುವ ಒಪ್ಪಂದ ಮಾಡಿಕೊಂಡವು. ಆಗಸ್ಟ್ 1ರಂದು ಬೆಟ್ಟದ ಮೇಲೆ ಬೆಂಕಿ ಹಾಕಿ ಹಬ್ಬ ಮಾಡುವುದು ಅದರ ನೆನಪಿಗೇ. ಈಗಿನ ಒಕ್ಕೂಟ ಸರ್ಕಾರ ಬಂದದ್ದು 1848ರಲ್ಲಿ. ಇವತ್ತಿಗೂ ನಮ್ಮ ರಾಜ್ಯಗಳಂಥ 26 ಕ್ಯಾಂಟನ್‌ಗಳು ಬಹಳಷ್ಟು ಅಧಿಕಾರವನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡಿವೆ.

ಇದನ್ನು ಹೊಗಳುವವರು ಬಹಳ. ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ಗಂಡಸರು ಮತ ಹಾಕಿ ಒಪ್ಪಿದ ಮೇಲೆ, 1971ರಲ್ಲಷ್ಟೇ ಹೆಂಗಸರಿಗೆ ದೇಶದ ಮಟ್ಟದಲ್ಲಿ ಮತದ ಹಕ್ಕು ಸಿಕ್ಕಿತು. ಅಪ್ಪೆನ್ಜೆಲ್ ಇನ್ನರ್‌ರೋಡನ್ ಕ್ಯಾಂಟನ್ ತನ್ನ ಚುನಾವಣೆಗಳಲ್ಲಿ ಅದನ್ನು ಒಪ್ಪಲೇ ಇಲ್ಲ. 1990ರಲ್ಲಿ ಸುಪ್ರೀಂ ಕೋರ್ಟೇ ಆದೇಶ ಕೊಡಬೇಕಾಯಿತು.

ಹಾಗಾಗಿ ನಿಮಗೆ ಮುಖ್ಯವಾದ ಕಚೇರಿ ಊರಿನ ಗೆಮೈಂಡೆ, ನಮ್ಮ ಪಂಚಾಯಿತಿ ಇದ್ದ ಹಾಗೆ. ಬಂದ 14 ದಿನದೊಳಗೆ, ಕೆಲಸಕ್ಕೆ ಸೇರುವ ಮುಂಚೆಯೇ, ಅಲ್ಲಿ ಹೆಸರು ನೋಂದಾಯಿಸಿ. ಪಾಸ್‌ಪೋರ್ಟ್, ಬಾಡಿಗೆ ಕರಾರು, ಮದುವೆ ಮತ್ತು ಮಕ್ಕಳ ಜನನ ಪ್ರಮಾಣಪತ್ರ ಜೊತೆಗಿರಲಿ. ಆರೋಗ್ಯ ವಿಮೆಗೆ ಮೂರು ತಿಂಗಳ ಗಡುವು. "ಎರಡು ತಿಂಗಳ ಪ್ರೀಮಿಯಂ ಉಳಿಯಿತು" ಅಂತ ಸುಮ್ನೆ ಕೂರಬೇಡಿ. ಬಂದ ದಿನದಿಂದಲೇ ಲೆಕ್ಕ ಹಾಕುತ್ತಾರೆ.

ಹೆಚ್ಚಿನ ಕ್ಯಾಂಟನ್‌ಗಳಲ್ಲಿ ನಾಲ್ಕು ವರ್ಷ ತುಂಬಿದ ಮಕ್ಕಳಿಗೆ ಕಿಂಡರ್‌ಗಾರ್ಟನ್ ಕಡ್ಡಾಯ. ಅಷ್ಟು ಪುಟ್ಟ ಮಕ್ಕಳೂ ಕುತ್ತಿಗೆಗೆ ಹೊಳೆಯುವ ಪಟ್ಟಿ ಹಾಕಿಕೊಂಡು ತಾವೇ ನಡೆದು ಹೋಗುತ್ತಾರೆ. ನಮ್ಮ ಅಮ್ಮಂದಿರಿಗೆ ಮೊದಲು ಜೀವ ಹೋದಂತಾಗುತ್ತದೆ. ಕೆಲವು ವಾರ ಜೊತೆಗೆ ಹೋಗಿ ದಾರಿ ರೂಢಿ ಮಾಡಿಸಿ, ಆಮೇಲೆ ಬಿಡಿ.

ಅಧಿಕೃತ ಭಾಷೆಗಳು ನಾಲ್ಕು: ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್. ಜರ್ಮನ್ ಆಡುವ ಊರುಗಳಲ್ಲಿ ಜರ್ಮನ್ ಕ್ಲಾಸಿಗೆ ಸೇರಿದವರೂ ಬೀದಿಯಲ್ಲಿ ಏನೂ ಅರ್ಥವಾಗದೆ ಕಂಗಾಲಾಗುತ್ತಾರೆ. ಬರೆಯುವುದು ಒಂದು, ಆಡುವುದು ಇನ್ನೊಂದು. ಆಡುಮಾತೂ ಊರೂರಿಗೆ ಬದಲಾಗುತ್ತದೆ. ಆದರೂ ಕ್ಲಾಸ್ ಬಿಡಬೇಡಿ. ಕಚೇರಿ, ಶಾಲೆಯ ಪತ್ರಗಳು ಬರುವುದು ಬರಹದ ಜರ್ಮನ್‌ನಲ್ಲೇ.

ನವೆಂಬರ್‌ನಲ್ಲಿ ತಗ್ಗಿನ ಊರುಗಳ ಮೇಲೆ ಮಂಜು ಕವಿದು ದಿನಗಟ್ಟಲೆ ಬಿಸಿಲೇ ಕಾಣುವುದಿಲ್ಲ. ಆಗ ಮನೆಯಲ್ಲಿ ಕೂತು ಬೇಜಾರು ಮಾಡಿಕೊಳ್ಳುವ ಬದಲು ರೈಲು ಹತ್ತಿ ರಿಗಿಯಂಥ ಬೆಟ್ಟಕ್ಕೆ ಹೋಗಿ. ಎಷ್ಟೋ ಸಲ ಮೇಲೆ ಒಳ್ಳೇ ಬಿಸಿಲಿರುತ್ತದೆ.

ಫೆಬ್ರವರಿಯ ಮೊದಲ ಬುಧವಾರ ಮಧ್ಯಾಹ್ನ ಒಂದೂವರೆಗೆ ದೇಶದ ತುಂಬ ಸೈರನ್ ಕೂಗುತ್ತದೆ. ಗಾಬರಿ ಬೇಡ, ಅದು ವರ್ಷಕ್ಕೊಮ್ಮೆಯ ಪರೀಕ್ಷೆ. ನೆಲಮಾಳಿಗೆಯಲ್ಲಿ ದಪ್ಪ ಕಾಂಕ್ರೀಟ್ ಬಾಗಿಲಿನ ಕೋಣೆ ಕಂಡರೆ ಅದು ಯುದ್ಧಕಾಲಕ್ಕೆಂದು ಕಟ್ಟಿದ ಆಶ್ರಯ. ಈಗ ಎಷ್ಟೋ ಕಡೆ ಸೈಕಲ್, ಸೂಟ್‌ಕೇಸ್ ಇಡುತ್ತಾರೆ.

ಭಾನುವಾರ ಎಂದರೆ ಶಾಂತಿ. ಡ್ರಿಲ್ ಬೇಡ, ಖಾಲಿ ಗಾಜಿನ ಬಾಟಲಿಗಳನ್ನು ಮರುಬಳಕೆಯ ತೊಟ್ಟಿಗೆ ಹಾಕಲು ಹೋಗುವುದೂ ಬೇಡ. ಬಟ್ಟೆ ಒಗೆಯುವ ಕೋಣೆ ಹಂಚಿಕೊಳ್ಳುವ ಕಟ್ಟಡವಾದರೆ ನಿಮ್ಮ ಸರದಿಯ ಪಟ್ಟಿ ನೋಡಿಕೊಳ್ಳಿ. ನೆರೆಹೊರೆಯವರ ಜೊತೆ ಜಗಳ ಹುಟ್ಟುವುದೇ ಜಾಸ್ತಿ ಅಲ್ಲಿ. ಕರಿಬೇವು, ರಾಗಿ ಹಿಟ್ಟು ಬೇಕಾದರೆ ಶ್ರೀಲಂಕಾ ತಮಿಳರ ಅಂಗಡಿ ಹುಡುಕಿ. ಅಲ್ಲಿ ರಾಗಿಗೆ ಕುರಕ್ಕನ್ ಅನ್ನುತ್ತಾರೆ. ಸಾಮಾನನ್ನು ಶನಿವಾರ ಸಂಜೆಯೊಳಗೆ ತಂದುಬಿಡಿ. ಮರೆತರೆ ದೊಡ್ಡ ರೈಲು ನಿಲ್ದಾಣದ ಅಂಗಡಿಗಳು ಭಾನುವಾರವೂ ತೆರೆದಿರುತ್ತವೆ.