ಗ್ಲಿಸರಿನ್ ಮತ್ತು ಕೊಬ್ಬಿನಾಮ್ಲದಿಂದ ಎಸ್ಟರ್: ಆಸಿಡ್ ಹಾಕಿದರಷ್ಟೇ ಸಾಲದು

ಐಸ್‌ಕ್ರೀಂ ಡಬ್ಬಿಯ ಹಿಂದೆ ‘ಎಮಲ್ಸಿಫೈಯರ್ 471’ (ಎಣ್ಣೆಯನ್ನೂ ನೀರನ್ನೂ ಬೆರೆಸಿಡುವ ವಸ್ತು) ಎಂದು ಬರೆದಿರುವುದನ್ನು ನೋಡಿರುತ್ತೀರಿ. ಗ್ಲಿಸರಿನ್ ಮತ್ತು ಕೊಬ್ಬಿನಾಮ್ಲ ಕೂಡಿ ಆದ ಎಸ್ಟರ್ ಅದು. ಆಲ್ಕೊಹಾಲ್ ಮತ್ತು ಆಮ್ಲ ಜೋಡಿಕೊಂಡು, ನೀರು ಬಿಟ್ಟು ಆಗುವ ಸಂಯುಕ್ತವೇ ಎಸ್ಟರ್. ಗ್ಲಿಸರಿನ್ ಒಂದು ಬಗೆಯ ಆಲ್ಕೊಹಾಲ್. ತಿನ್ನುವ ದರ್ಜೆಯದನ್ನು ಕಾರ್ಖಾನೆಗಳು ಹೆಚ್ಚಾಗಿ ಕ್ಷಾರ ಬಳಸಿ ಮಾಡುತ್ತವೆ. ಇಲ್ಲಿ ಹೇಳುತ್ತಿರುವುದು ಆಸಿಡ್ ಬಳಸುವ ದಾರಿ. ಕಾಲೇಜು ಲ್ಯಾಬ್‌ಗೆ ಸರಿ, ಅಡುಗೆಮನೆಗೆ ಖಂಡಿತ ಬೇಡ.

ಮೊದಲು ಕ್ರಿಯಾವರ್ಧಕವಾಗಿ, ಅಂದರೆ ಕ್ರಿಯೆಯ ವೇಗ ಹೆಚ್ಚಿಸಲು, ಒಂದು ಆಸಿಡ್ ಆರಿಸಿಕೊಳ್ಳಿ. ಸಲ್ಫ್ಯೂರಿಕ್ ಆಸಿಡ್ ಅಗ್ಗ, ಆದರೆ ಎಸ್ಟರ್ ಕಪ್ಪಾಗುತ್ತದೆ. ಬಿಸಿ ಜಾಸ್ತಿಯಾದರೆ ಗ್ಲಿಸರಿನ್ ಒಡೆದು ಅಕ್ರೋಲಿನ್ ಏಳುತ್ತದೆ. ಕಣ್ಣು ಉರಿಸುವ ವಿಷದ ಹೊಗೆ ಅದು. ಹಾಗಾಗಿ ನನ್ನ ಆಯ್ಕೆ ಪ್ಯಾರಾ ಟಾಲೀನ್ ಸಲ್ಫಾನಿಕ್ ಆಸಿಡ್. ತೂಗುವುದು ಸುಲಭ, ಬಣ್ಣವೂ ಅಷ್ಟು ಕೆಡುವುದಿಲ್ಲ.

ಫ್ಲಾಸ್ಕಿಗೆ 28 ಗ್ರಾಂ ಓಲಿಕ್ ಆಸಿಡ್ (ನಮ್ಮ ಕೊಬ್ಬಿನಾಮ್ಲ), 28 ಗ್ರಾಂ ಒಣ ಗ್ಲಿಸರಿನ್, 0.3 ಗ್ರಾಂ ಕ್ರಿಯಾವರ್ಧಕ ಮತ್ತು ಸ್ವಲ್ಪ ಟಾಲೀನ್ ಎಂಬ ದ್ರಾವಕ ಹಾಕಿ. ಅಣುಗಳ ಲೆಕ್ಕದಲ್ಲಿ ಗ್ಲಿಸರಿನ್ ಮೂರು ಪಟ್ಟು ಇದೆ. ಒಂದೇ ಆಮ್ಲ ಅಂಟಿದ ಮೊನೊ ಎಸ್ಟರ್ ಹೆಚ್ಚು ಸಿಗಲಿ ಎಂದೇ ಹೀಗೆ. ಆದರೂ ಎರಡು, ಮೂರು ಆಮ್ಲ ಅಂಟಿದ ಡೈ, ಟ್ರೈ ಎಸ್ಟರ್‌ಗಳು ಬೆರೆತೇ ಬರುತ್ತವೆ.

ಇನ್ನು ಮುಖ್ಯ ವಿಷಯ. ಆಸಿಡ್ ಕ್ರಿಯೆಯ ವೇಗ ಹೆಚ್ಚಿಸುತ್ತದೆ, ಅಷ್ಟೇ. ಅದು ಎಸ್ಟರ್ ಕಟ್ಟುವುದನ್ನೂ ಬೇಗ ಮಾಡಿಸುತ್ತದೆ, ಒಡೆಯುವುದನ್ನೂ ಬೇಗ ಮಾಡಿಸುತ್ತದೆ. ಹುಟ್ಟುವ ನೀರನ್ನು ಹೊರಗೆ ತೆಗೆಯದಿದ್ದರೆ ಎಷ್ಟು ಆಸಿಡ್ ಸುರಿದರೂ ಕ್ರಿಯೆ ನಡುವೆಯೇ ನಿಲ್ಲುತ್ತದೆ. ಟಾಲೀನ್ ಇರುವುದು ಇದಕ್ಕೇ. ಅದು ಕುದಿಯುವಾಗ ನೀರನ್ನೂ ಹೊತ್ತು ಮೇಲೇಳುತ್ತದೆ. ಡೀನ್ ಸ್ಟಾರ್ಕ್ ನಳಿಗೆಯಲ್ಲಿ ತಣ್ಣಗಾದಾಗ ನೀರು ಕೆಳಗೆ ಉಳಿಯುತ್ತದೆ, ಟಾಲೀನ್ ಫ್ಲಾಸ್ಕಿಗೆ ವಾಪಸ್. ಟಾಲೀನ್ ಬೇಗ ಹೊತ್ತಿಕೊಳ್ಳುತ್ತದೆ. ಬೆಂಕಿಯ ಉರಿ ಬೇಡ, ಎಣ್ಣೆ ಸ್ನಾನದಲ್ಲಿ, ಲ್ಯಾಬಿನ ಹೊಗೆಗೂಡಿನೊಳಗೇ (ಫ್ಯೂಮ್ ಹುಡ್) ಕಾಯಿಸಿ. ಗ್ಲಿಸರಿನ್ ಮತ್ತು ಓಲಿಕ್ ಆಸಿಡ್ ತಾವಾಗಿ ಬೆರೆಯುವುದಿಲ್ಲ, ಜೋರಾಗಿ ಕಲಕುತ್ತಲೇ ಇರಬೇಕು.

ಲೆಕ್ಕದ ಪ್ರಕಾರ 1.8 ಮಿ.ಲೀ. ನೀರು ಬರಬೇಕು. ಆದರೆ ಇದನ್ನೊಂದನ್ನೇ ನಂಬಬೇಡಿ. ಗ್ಲಿಸರಿನ್ ಅಣುಗಳು ತಮ್ಮತಮ್ಮಲ್ಲೇ ಜೋಡಿಕೊಂಡರೂ ನೀರು ಬರುತ್ತದೆ ಅಲ್ವಾ? ಕಲಕುವುದನ್ನು ನಿಲ್ಲಿಸಿ, ಮೇಲಿನ ಪದರದಿಂದ ಸ್ವಲ್ಪ ತೆಗೆದು, ಟಾಲೀನನ್ನು ಆವಿಯಾಗಿ ಹೋಗಲು ಬಿಟ್ಟು, ಆಸಿಡ್ ವ್ಯಾಲ್ಯೂ ನೋಡಿ. ಒಂದು ಗ್ರಾಂನಲ್ಲಿ ಉಳಿದ ಆಮ್ಲವನ್ನು ತಟಸ್ಥಗೊಳಿಸಲು ಎಷ್ಟು ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೇಕು ಎಂಬ ಸಂಖ್ಯೆ ಅದು. ಶುದ್ಧ ಓಲಿಕ್ ಆಸಿಡ್‌ಗೆ ಅದು ಸುಮಾರು 199. ನೀವು ತೆಗೆದ ಮಾದರಿಯದು 5ರ ಹತ್ತಿರ ಬಂದರೆ ಕಾಯಿಸುವುದನ್ನು ನಿಲ್ಲಿಸಬಹುದು.

ಕ್ರಿಯಾವರ್ಧಕವನ್ನು ಒಳಗೇ ಬಿಡಬೇಡಿ. ತೇವ ಸಿಕ್ಕರೆ ಅದು ಎಸ್ಟರನ್ನು ಮತ್ತೆ ಒಡೆಯುತ್ತದೆ. ತಣಿದ ಮೇಲೆ ಸೋಡಾ ಬೈಕಾರ್ಬನೇಟ್ ದ್ರಾವಣವನ್ನು ಸ್ವಲ್ಪಸ್ವಲ್ಪವೇ ಸೇರಿಸಿ, ನೊರೆ ಬರುತ್ತದೆ. ಆಮೇಲೆ ಉಪ್ಪುನೀರಿನಲ್ಲಿ ತೊಳೆಯಿರಿ. ಬರೀ ನೀರಿನಲ್ಲಿ ತೊಳೆದರೆ ಮೊನೊ ಎಸ್ಟರ್ ನೀರನ್ನೂ ಎಣ್ಣೆಯನ್ನೂ ಬೆರೆಸಿಬಿಡುತ್ತದೆ, ಪದರ ಬಿಡುವುದೇ ಇಲ್ಲ.

ತೊಳೆಯುವ ಕೆಲಸ ಬೇಡವೆಂದರೆ ಆಸಿಡ್‌ನ ಕೆಲಸವನ್ನೇ ಮಾಡುವ ಆಂಬರ್‌ಲಿಸ್ಟ್ 15 ಎಂಬ ರಾಳದ ಮಣಿಗಳಿವೆ. ಕೊನೆಗೆ ಸೋಸಿದರೆ ಆಯಿತು. ಆದರೆ ಅವನ್ನು 120 ಡಿಗ್ರಿ ದಾಟಿಸುವಂತಿಲ್ಲ. ದೊಡ್ಡ ಕೊಬ್ಬಿನಾಮ್ಲಗಳು ಮಣಿಯ ರಂಧ್ರಗಳಲ್ಲಿ ಸುಲಭವಾಗಿ ಓಡಾಡುವುದಿಲ್ಲ, ಹಾಗಾಗಿ ಸಮಯವೂ ಜಾಸ್ತಿ ಹಿಡಿಯುತ್ತದೆ.