ಚಿನ್ನದ ಕಣಗಳು ಒಂದಾಗುವುದನ್ನು ನೋಡುತ್ತಾ: ಟಿಇಎಮ್‌ನಲ್ಲಿ ನನ್ನ ಅನುಭವ

ತೆಳು ಸ್ಯಾಂಪಲ್ ಮೂಲಕ ಎಲೆಕ್ಟ್ರಾನ್ ಹಾಯಿಸಿ ಚಿತ್ರ ತೆಗೆಯುವ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ (ಟಿಇಎಮ್) ಒಳಗೇ ಚಿನ್ನದ ನ್ಯಾನೋಕಣಗಳನ್ನು, ಅಂದರೆ ಕೆಲವೇ ನ್ಯಾನೋಮೀಟರ್‌ನ ಅತಿ ಸಣ್ಣ ಕಣಗಳನ್ನು, ಬಿಸಿ ಮಾಡಿ, ಅವು ಬದಲಾಗುವುದನ್ನು ವಿಡಿಯೋ ಮಾಡುತ್ತೇನೆ. ಚಿನ್ನ ಕರಗುವುದು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕೆ ಇನ್ನೂ ಬಹಳ ದೂರ ಇರುವಾಗಲೇ ಅಕ್ಕಪಕ್ಕದ ಎರಡು ಕಣಗಳ ನಡುವೆ ಸಣ್ಣ ಕುತ್ತಿಗೆ ಮೂಡುತ್ತದೆ. ಅದು ದಪ್ಪವಾಗುತ್ತಾ ಹೋಗಿ ಎರಡೂ ಒಂದಾಗುತ್ತವೆ. ಕರಗಿ ಸೇರುವುದಲ್ಲ, ಮೇಲ್ಮೈಯ ಪರಮಾಣುಗಳು ಜರುಗಿ ಜರುಗಿ ಸೇರುವುದು.

ತಯಾರಿ ಅಷ್ಟೇನೂ ಕಷ್ಟವಿಲ್ಲ. ಕಣಗಳಿರುವ ದ್ರವದ ಒಂದು ಹನಿಯನ್ನು ಹೀಟಿಂಗ್ ಚಿಪ್ (ಸ್ಯಾಂಪಲ್ಲನ್ನು ಬಿಸಿ ಮಾಡುವ ಪುಟ್ಟ ಚಿಪ್) ಮೇಲೆ ಹಾಕಿ ಒಣಗಿಸುತ್ತೇನೆ. ಹಳೇ ಕಾಲದ ಕುಲುಮೆ ಹೋಲ್ಡರ್‌ಗಳಲ್ಲಿ (ಸ್ಯಾಂಪಲ್ ಹಿಡಿದುಕೊಳ್ಳುವ ಕಡ್ಡಿಗಳಲ್ಲಿ) ತುದಿ ಪೂರ್ತಿ ಬಿಸಿಯಾಗಿ ಹಿಗ್ಗುತ್ತದೆ, ನೋಡುತ್ತಿದ್ದ ಕಣ ಪರದೆಯಿಂದ ಓಡಿಹೋಗುತ್ತದೆ. ಚಿಪ್‌ನಲ್ಲಿ ಬಿಸಿಯಾಗುವ ಜಾಗ ತುಂಬ ಚಿಕ್ಕದು, ಆ ಕಾಟ ಕಡಿಮೆ. ಆದರೂ ಕಣಗಳು ಕೂತಿರುವ ಚಿಪ್‌ನ ತೆಳು ಸಿಲಿಕಾನ್ ನೈಟ್ರೈಡ್ ಪೊರೆ ಸ್ವಲ್ಪ ಉಬ್ಬಿ ಫೋಕಸ್ ತಪ್ಪುತ್ತದೆ. ಆಗ ನಾನು ಲೆನ್ಸ್ ಮುಟ್ಟುವುದಿಲ್ಲ, ಸ್ಯಾಂಪಲ್‌ನ ಎತ್ತರವನ್ನೇ ಸರಿಮಾಡುತ್ತೇನೆ. ಇಲ್ಲದಿದ್ದರೆ ಅಳತೆ ಕೆಡುತ್ತದೆ.

ನಿಜವಾದ ತಲೆನೋವು ಬೀಮ್, ಅಂದರೆ ಎಲೆಕ್ಟ್ರಾನ್‌ಗಳ ಕಿರಣ. ನಾವು ನೋಡಲು ಬಳಸುವ ಎಲೆಕ್ಟ್ರಾನ್‌ಗಳೇ ಸ್ಯಾಂಪಲ್ಲನ್ನು ಬದಲಿಸುತ್ತವಲ್ವಾ! ಸುಮಾರು 2 ನ್ಯಾನೋಮೀಟರ್‌ನ ಚಿನ್ನದ ಕಣಗಳು ಬೀಮ್ ಕೆಳಗೆ ಮತ್ತೆ ಮತ್ತೆ ರೂಪ ಬದಲಿಸುವುದನ್ನು ಇಜಿಮಾ ಮತ್ತು ಇಚಿಹಾಶಿ ಎಂಬ ವಿಜ್ಞಾನಿಗಳು 1986ರಲ್ಲೇ ತೋರಿಸಿದ್ದರು. ಇದರ ಉಲ್ಟಾ ಕೂಡ ಆಗುತ್ತದೆ. ದ್ರವದಲ್ಲಿ ತಯಾರಾದ ಕಣಗಳ ಸುತ್ತ ಸಾವಯವ ಅಣುಗಳ ಪದರ ಇರುತ್ತದೆ. ಬೀಮ್ ಬಿದ್ದರೆ ಅದು ಇಂಗಾಲದ ಚಿಪ್ಪಾಗಿ ಗಟ್ಟಿಯಾಗುತ್ತದೆ, ಕಣಗಳು ಒಂದಾಗಲು ಬಿಡುವುದಿಲ್ಲ. ಸುಮ್ನೆ ವಿಡಿಯೋ ನೋಡಿದವರು "ಈ ತಾಪಮಾನದಲ್ಲಿ ಕಣಗಳು ಸ್ಥಿರ" ಎಂದು ಬರೆದುಬಿಡಬಹುದು!

ಅದಕ್ಕೇ ಚಿಪ್‌ನ ಒಂದು ಕಿಟಕಿಯಲ್ಲಿ (ಕಣಗಳನ್ನು ನೋಡಲು ಇರುವ ಸಣ್ಣ ಜಾಗದಲ್ಲಿ) ಮಾತ್ರ ವಿಡಿಯೋ ತೆಗೆಯುತ್ತೇನೆ. ಇನ್ನೊಂದರಲ್ಲಿ ಶುರುವಿಗೆ ಮಂದ ಬೀಮ್‌ನಲ್ಲಿ ಒಂದು ಫೋಟೋ, ಆಮೇಲೆ ಆ ಕಡೆ ತಿರುಗಿಯೂ ನೋಡುವುದಿಲ್ಲ. ಎಲ್ಲ ತಣ್ಣಗಾದ ಮೇಲೆ ಅಲ್ಲಿಗೆ ಹೋಗಿ ಹೋಲಿಸುತ್ತೇನೆ. ಎರಡೂ ಕಡೆ ಕಣಗಳು ಒಂದೇ ಥರ ಬೆಳೆದಿದ್ದರೆ ಅದು ಶಾಖದ ಕೆಲಸ ಎಂದು ನಂಬುತ್ತೇನೆ. ಇಲ್ಲವಾದರೆ ಡೋಸ್ (ಸ್ಯಾಂಪಲ್ ಮೇಲೆ ಬೀಳುವ ಎಲೆಕ್ಟ್ರಾನ್‌ಗಳ ಪ್ರಮಾಣ) ಇಳಿಸಿ ಹೊಸ ಚಿಪ್‌ನಲ್ಲಿ ಮತ್ತೆ ಶುರು.

ಡೋಸ್ ಇಳಿಸಿದರೆ ಚಿತ್ರ ಮಸುಕು, ಕಾಳುಕಾಳು. ಕ್ಯಾಮೆರಾ ಸೆಕೆಂಡಿಗೆ ನೂರಾರು ಫ್ರೇಮ್ ತೆಗೆಯಬಲ್ಲದು, ಆದರೆ ಫ್ರೇಮ್ ಜಾಸ್ತಿಯಾದಷ್ಟೂ ಪ್ರತಿಯೊಂದಕ್ಕೂ ಸಿಗುವ ಎಲೆಕ್ಟ್ರಾನ್ ಕಡಿಮೆ. ಕುತ್ತಿಗೆ ನಿಧಾನವಾಗಿ ಬೆಳೆಯುವಾಗ ಅಷ್ಟು ವೇಗ ಬೇಕಾಗುವುದೂ ಇಲ್ಲ. ನಾನು ಹಲವು ಫ್ರೇಮ್‌ಗಳನ್ನು ಕೂಡಿಸಿ ಒಂದು ಮಾಡಿ, ಆಮೇಲೆ ಕುತ್ತಿಗೆಯ ಅಗಲ ಅಳೆಯುತ್ತೇನೆ.